ವಿಮಾನದ ಚಿಂತೆ ಆಮೇಲೆ, ಮಗುವನ್ನು ಯಾರು ಹಿಡಿಯುತ್ತಾರೆ ಹೇಳಿ

ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಎರಡು ತಿಂಗಳ ಬಸುರಿ, ಜೊತೆಗೊಂದು ಪುಟ್ಟ ಮಗು, ವಿದೇಶದ ಟಿಕೆಟ್ ಆಗಲೇ ಬುಕ್ ಆಗಿದೆ, ಹೋಗಬಹುದಾ ಡಾಕ್ಟ್ರೇ? ಟಿಕೆಟ್ ಬುಕ್ ಮಾಡುವ ಮುಂಚೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹೂಂ ಅನ್ನಿಸಿಕೊಳ್ಳಲಿಕ್ಕೇ ಕೇಳುತ್ತಾರೆ. ಈ ಸಲ ಎಲ್ಲದಕ್ಕೂ ಒಟ್ಟಿಗೆ ಬರೆದುಬಿಡುತ್ತೇನೆ. ಫೋಲಿಕ್ ಆಸಿಡ್ ನುಂಗಿ, ನೀರು ಕುಡಿಯಿರಿ ಎಂದೆಲ್ಲ ಬರೆಯುವುದಿಲ್ಲ. ಅದು ನಿಮಗೆ ಗೊತ್ತು.

ಪ್ರಶ್ನೆ: ನನಗೀಗ ಆರನೇ ವಾರ. ಮುಂದಿನ ವಾರ ಎರಡೂವರೆ ವರ್ಷದ ಮಗಳನ್ನು ಕರೆದುಕೊಂಡು ವಿದೇಶದಲ್ಲಿರುವ ಗಂಡನ ಹತ್ತಿರ ಹೋಗಬೇಕು. ಒಂಬತ್ತು ಗಂಟೆಯ ಪ್ರಯಾಣ, ಹೋಗುವುದು ನಾವಿಬ್ಬರೇ. ವಿಮಾನ ಹತ್ತಿದರೆ ಗರ್ಭ ನಿಲ್ಲುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಿಜವೇ?

ಸುಳ್ಳು. ಹಾರುತ್ತಿರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಆರೋಗ್ಯವಾಗಿರುವ ಬಸುರಿಗೆ ಅದು ಲೆಕ್ಕಕ್ಕಿಲ್ಲ. ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ತಾವಾಗಿಯೇ ಹೋಗುತ್ತವೆ, ಅದರಲ್ಲೂ ಬಹುಪಾಲು ಮೊದಲ 12 ವಾರಗಳಲ್ಲಿ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್‌ಗಳಲ್ಲಿ ಆದ ಎಡವಟ್ಟು. ಅದು ನೀವು ಸೂಟ್‌ಕೇಸ್ ಇಳಿಸುವ ಎಷ್ಟೋ ಮುಂಚೆಯೇ ಆಗಿಹೋಗಿರುತ್ತದೆ. ಹಾಸಿಗೆ ಬಿಟ್ಟು ಏಳದೆ ಮಲಗಿದ್ದರೂ ಆ ಗರ್ಭ ಉಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿದ್ದಾಗ ಹೋದರೆ ಹಣೆಬರಹ, ವಿಮಾನ ಇಳಿದ ಮೂರನೇ ದಿನ ಹೋದರೆ ತಾಯಿಯ ತಪ್ಪು. ಈ ನ್ಯಾಯ ಕೇಳಿ ಕೇಳಿ ನನಗೆ ಸಾಕಾಗಿದೆ.

ಹಾಗಂತ ಈಗಲೇ ಬಟ್ಟೆ ಮಡಚಲು ಕೂರಬೇಡಿ. ವಿಮಾನದಲ್ಲಿ ಏನಾಗುತ್ತದೆ ಎಂದು ನೀವು ಕೇಳಿದಿರಿ. ನಾನಾಗಿದ್ದರೆ ಬೇರೆ ಎರಡು ಪ್ರಶ್ನೆ ಕೇಳುತ್ತಿದ್ದೆ. ಗರ್ಭ ಎಲ್ಲಿ ಕೂತಿದೆ? ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಮಗಳನ್ನು ಯಾರು ಹಿಡಿಯುತ್ತಾರೆ?

ಮೊದಲನೆಯದು ನೋಡೋಣ. ಮನೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ಬಸುರಿ ಎಂದು ಗೊತ್ತಾಗುತ್ತದೆ, ಅಷ್ಟೇ. ಗರ್ಭ ಎಲ್ಲಿದೆ ಎಂದು ಆ ಗೆರೆ ಹೇಳುವುದಿಲ್ಲ. 100ರಲ್ಲಿ ಒಂದೋ ಎರಡೋ ಗರ್ಭ, ಗರ್ಭಕೋಶಕ್ಕೆ ಬಂದು ಸೇರದೆ ಹೊರಗೇ ಕೂತುಬಿಡುತ್ತದೆ, ಹೆಚ್ಚಾಗಿ ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ನಾಳದಲ್ಲಿ. ನಾವು ಅದನ್ನು ಎಕ್ಟೋಪಿಕ್ ಅನ್ನುತ್ತೇವೆ. ನಾಳ ತೆಳ್ಳಗಿನದು, ಬೆಳೆಯುವ ಗರ್ಭಕ್ಕೆ ಅಲ್ಲಿ ಜಾಗವಿಲ್ಲ, ಒಡೆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 6ರಿಂದ 8ನೇ ವಾರದಲ್ಲಿ. ನೀವು ಹೊರಟಿರುವುದೂ ಆಗಲೇ ಅಲ್ವಾ?

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬರು, ಸ್ಕ್ಯಾನ್ ವಾಪಸ್ ಬಂದ ಮೇಲೆ ಮಾಡಿಸಿದರಾಯಿತು ಎಂದು ಹೊರಟೇಬಿಟ್ಟರು. ಅಲ್ಲಿ ಎರಡನೇ ದಿನ ಭುಜದ ತುದಿಯಲ್ಲಿ ನೋವು ಶುರುವಾಯಿತು. ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಓಡಾಡಿದ್ದಕ್ಕೆ ಇರಬೇಕು ಎಂದುಕೊಂಡು ಮುಲಾಮು ತಿಕ್ಕಿಕೊಂಡರು. ಅದು ಭುಜದ ನೋವಲ್ಲ. ಹೊಟ್ಟೆಯಲ್ಲಿ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡಕ್ಕೂ ನರದ ನಂಟು ಒಂದೇ. ಸಂಜೆ ಬಾತ್‌ರೂಮಿನಲ್ಲಿ ಕುಸಿದುಬಿದ್ದರು. ಗಂಡ ಜೊತೆಗಿದ್ದದ್ದಕ್ಕೆ ಜೀವ ಉಳಿಯಿತು. ಆಪರೇಷನ್ ಆಗುವಾಗ ಗಂಡ ಒಂದು ಕೈಯಲ್ಲಿ ಸಹಿ ಹಾಕುತ್ತಾ, ಇನ್ನೊಂದು ಕೈಯಲ್ಲಿ ಇನ್ಶೂರೆನ್ಸ್‌ನವರ ಫೋನ್ ಹಿಡಿದುಕೊಂಡು ಓಡಾಡುತ್ತಿದ್ದರಂತೆ. ಮಗ ಕಾರಿಡಾರಿನ ಕುರ್ಚಿಯಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಕೂತಿದ್ದ. ಇನ್ನೊಂದು ಹೋಟೆಲಿನಲ್ಲೇ ಉಳಿದಿತ್ತು. ನನಗೆ ಇದನ್ನು ಹೇಳುವಾಗ ಆಕೆ ರಕ್ತದ ಸುದ್ದಿ ಎತ್ತಲಿಲ್ಲ. ಆ ಒಂಟಿ ಚಪ್ಪಲಿಯ ವಿಷಯ ಮಾತ್ರ ಮೂರು ಸಲ ಹೇಳಿದರು.

ಅಂದಿನಿಂದ ನನ್ನದೊಂದು ಹಟ. ಏಳನೇ ವಾರದ ಸುಮಾರಿಗೆ ಒಳಗಿನಿಂದ ಮಾಡುವ ಸ್ಕ್ಯಾನ್ ಆಗಬೇಕು. ಗರ್ಭ ಗರ್ಭಕೋಶದಲ್ಲೇ ಇದೆ, ಎದೆಬಡಿತ ಕಂಡಿದೆ, ಇರುವುದು ಒಂದೋ ಅವಳಿಯೋ, ಇಷ್ಟು ಗೊತ್ತಾಗುವವರೆಗೆ ನನ್ನ ಬಾಯಿಂದ ಹೂಂ ಬರುವುದಿಲ್ಲ. ತೀರಾ ಅತಿ ಎಂದು ಜೊತೆಯ ಡಾಕ್ಟರುಗಳು ನಗುತ್ತಾರೆ. ನಗಲಿ. ಹಿಂದೆ ಎಕ್ಟೋಪಿಕ್ ಆಗಿದ್ದರೆ ಅಥವಾ ನಾಳದ ಆಪರೇಷನ್ ಆಗಿದ್ದರೆ ಇದರಲ್ಲಿ ಚರ್ಚೆಯೇ ಇಲ್ಲ. ಈಗಾಗಲೇ ಹೊಟ್ಟೆಯ ಒಂದೇ ಪಕ್ಕ ನೋವಿದ್ದರೆ ಈ ಅಂಕಣ ಓದುತ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಎರಡನೆಯದು, ಮಗಳು. ಅಲ್ಲಿ ಗಂಡ ಇದ್ದಾರೆ, ಸರಿ. ನಡುವಿನ ಒಂಬತ್ತು ಗಂಟೆ? ವಾಕರಿಕೆ ಶುರುವಾಗುವುದು ಆರನೇ ವಾರದ ಹೊತ್ತಿಗೆ, ಜಾಸ್ತಿಯಾಗುವುದು 8ರಿಂದ 10ನೇ ವಾರದಲ್ಲಿ. ಇವತ್ತು ಆರಾಮಾಗಿದ್ದೀನಿ ಎಂದು ಹೊರಟವರ ಗತಿ ಹದಿನೈದು ದಿನದಲ್ಲಿ ಬೇರೆಯೇ ಆಗಿರುತ್ತದೆ. ನಾನೂ ಒಂಬತ್ತನೇ ವಾರದಲ್ಲಿ ದೊಡ್ಡ ಮಗಳನ್ನು ಕರೆದುಕೊಂಡು ಹಾರಿದವಳೇ. ವಿಮಾನ ಇಳಿಯುತ್ತಿದೆ, ಸೀಟ್‌ಬೆಲ್ಟ್ ದೀಪ ಹತ್ತಿದೆ, ಏಳುವ ಹಾಗಿಲ್ಲ. ನಾನು ಕಾಗದದ ಚೀಲಕ್ಕೆ ಮುಖ ಕೊಟ್ಟು ಕೂತಿದ್ದರೆ ಅವಳು ನನ್ನ ತೋಳು ಎಳೆಯುತ್ತಾ, "ಅಮ್ಮಾ, ನಂಗೂ ಒಂದು ಕವರ್ ಕೊಡು" ಎಂದು ರಾಗ ತೆಗೆದಿದ್ದಳು. ಡಾಕ್ಟರ್ ಪದವಿ ಆವತ್ತು ಏನೂ ಕೆಲಸಕ್ಕೆ ಬರಲಿಲ್ಲ.

ವಾಂತಿಗೆ ಮಾತ್ರೆ ಇದೆ. ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಜೋಡಿ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿದೆ. ಮಗುವಿಗೆ ಅಂಗದೋಷ ಬರುತ್ತದೆ ಎಂಬ ಕೂಗೆದ್ದು, ಕೋರ್ಟ್ ಕೇಸುಗಳ ಕಾಟ ತಾಳಲಾರದೆ 1983ರಲ್ಲಿ ಕಂಪನಿ ಅದನ್ನು ಅಮೆರಿಕದಲ್ಲಿ ಮಾರುವುದನ್ನೇ ನಿಲ್ಲಿಸಿತ್ತು. ಅದರಿಂದ ಅಂಗದೋಷ ಕಡಿಮೆಯಾಗಲಿಲ್ಲ. 2013ರಲ್ಲಿ ಅದೇ ಜೋಡಿಗೆ ಅಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಹಾಗಾಗಿ ಮಾತ್ರೆಗೆ ಹೆದರಬೇಡಿ, ಆದರೆ ಅದು ನಿದ್ದೆ ತರಿಸುತ್ತದೆ ಎಂಬುದನ್ನು ಮರೆಯಬೇಡಿ. ನೀವು ಗಾಢ ನಿದ್ದೆಯಲ್ಲಿ, ಎರಡೂವರೆ ವರ್ಷದವಳು ಎಚ್ಚರದಲ್ಲಿ! ಡಾಕ್ಟರಿಂದ ಬರೆಸಿಕೊಂಡು ವಾರದ ಮುಂಚೆ ಮನೆಯಲ್ಲೇ ತೆಗೆದುಕೊಂಡು ನೋಡಿ. ಎಷ್ಟು ಮಂಪರು ಬರುತ್ತದೆ ಎಂದು ಗೊತ್ತಾಗಲಿ. ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡುಬಣ್ಣ ಅಂದರೆ ಟಿಕೆಟ್ ರದ್ದು ಮಾಡಿ.

ಮಗು ಎತ್ತಿದರೆ ಗರ್ಭ ಹೋಗುತ್ತದೆ ಎಂಬುದೂ ಕಟ್ಟುಕಥೆ. ಎತ್ತಿ. ಆದರೆ ಸೊಂಟ ನಿಮ್ಮದು, ತಳ್ಳುಗಾಡಿ ವಿಮಾನದ ಬಾಗಿಲವರೆಗೂ ಬಿಡುತ್ತಾರಾ ಎಂದು ಮೊದಲೇ ವಿಚಾರಿಸಿ. ಸೀಟು ನಡುದಾರಿಯ ಪಕ್ಕದ್ದೇ ಬೇಕು ಎಂದು ಕೇಳಿ ಪಡೆಯಿರಿ, ಮಗಳು ಒಳಗಡೆ ಇರಲಿ. ಬಸುರಿಯರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಉಳಿದವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಅದು ತುಂಬು ಬಸುರಿಗೆ ಮಾತ್ರ ಅಲ್ಲ, ಮೊದಲ ತಿಂಗಳುಗಳಲ್ಲೂ ಇದೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅದಕ್ಕೆ ಇನ್ನಷ್ಟು ಸೇರುತ್ತದೆ. ಮಗು ಎಚ್ಚರವಿದ್ದಾಗ ಚಿಂತೆಯಿಲ್ಲ, ಅದೇ ನಿಮ್ಮನ್ನು ಓಡಾಡಿಸುತ್ತದೆ. ಅಪಾಯ ಇರುವುದು ಅದು ಕೊನೆಗೂ ನಿಮ್ಮ ತೊಡೆ ಮೇಲೆ ನಿದ್ದೆ ಹೋದಾಗ. ಎಬ್ಬಿಸಲು ಮನಸ್ಸಾಗದೆ ನಾಲ್ಕು ಗಂಟೆ ಕಲ್ಲಿನ ಹಾಗೆ ಕೂರುತ್ತೀರಿ. ಕೂರಬೇಡಿ. ಅವಳ ಸೀಟಿನಲ್ಲಿ ಮಲಗಿಸಿ, ಪಾದ ಆಡಿಸುತ್ತಿರಿ, ಗಂಟೆಗೋ ಎರಡು ಗಂಟೆಗೋ ಎದ್ದು ನಿಲ್ಲಿ. ಮೀನಖಂಡ ಬಿಗಿಯುವ ಅಳತೆಯ ಕಾಲುಚೀಲ ಹಾಕಿಕೊಂಡರೆ ಒಳ್ಳೆಯದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಇಷ್ಟು ಸಾಲದು, ಇಂಜೆಕ್ಷನ್ ಬೇಕಾಗಬಹುದು. ಅದನ್ನು ನಿಮ್ಮ ಡಾಕ್ಟರೇ ತೀರ್ಮಾನಿಸಬೇಕು.

ಸ್ಕ್ಯಾನ್ ವರದಿ, ಬ್ಲಡ್ ಗ್ರೂಪ್ ಚೀಟಿ ಕೈಚೀಲದಲ್ಲಿರಲಿ. ಗ್ರೂಪ್ ನೆಗೆಟಿವ್ ಇದ್ದು ಬ್ಲೀಡಿಂಗ್ ಆದರೆ, ಮುಂದಿನ ಗರ್ಭಕ್ಕೆ ರಕ್ತದ ಹೊಂದಾಣಿಕೆಯ ತೊಂದರೆ ಬರದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಎಂದು 72 ಗಂಟೆಯೊಳಗೆ ನಿರ್ಧಾರವಾಗಬೇಕು. ಇನ್ಶೂರೆನ್ಸ್ ಮಾಡಿಸುವಾಗ ಬಸುರಿ ಎಂದು ಬಾಯಿಬಿಟ್ಟು ಹೇಳಿ. ಗರ್ಭದ ತೊಂದರೆಗಳಿಗೆ ಹಣ ಕೊಡುತ್ತಾರಾ ಎಂದು ಆ ಸಣ್ಣ ಅಕ್ಷರಗಳನ್ನು ಓದಿ. ಮಗಳ ಜೇಬಿನಲ್ಲಿ ಅಪ್ಪನ ಫೋನ್ ನಂಬರಿನ ಚೀಟಿ ಇಡಿ. ಅಲ್ಲಿಗೆ ಹೋದ ಮೇಲೆ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ತಲೆಸುತ್ತು, ಒಂದೇ ಪಕ್ಕ ನೋವು, ಭುಜದ ನೋವು ಬಂದರೆ ನನಗೆ ಮೆಸೇಜ್ ಕಳಿಸಿ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಚುಕ್ಕೆ ಚುಕ್ಕೆ ರಕ್ತ ಕಂಡರೂ ತೋರಿಸದೆ ವಾಪಸ್ ವಿಮಾನ ಹತ್ತಬೇಡಿ.

ನಿಮ್ಮ ವಿಷಯದಲ್ಲಿ ನನ್ನ ಮಾತು ಇಷ್ಟು: ಟಿಕೆಟ್ ಎರಡು ವಾರ ಮುಂದಕ್ಕೆ ಹಾಕಿ, ಸ್ಕ್ಯಾನ್ ಆಗಲಿ, ಜೊತೆಗೆ ಒಬ್ಬ ದೊಡ್ಡವರು ಬರಲಿ. ಪೂರ್ತಿ ಮುಂದೂಡುವ ಹಾಗಿದ್ದರೆ 14ರಿಂದ 28ನೇ ವಾರದ ನಡುವಿನ ಸಮಯ ಎಲ್ಲಕ್ಕಿಂತ ಆರಾಮ.

ಪ್ರಶ್ನೆ: ಪ್ರಯಾಣಕ್ಕೆ ಮುಂಚೆ ಗರ್ಭ ಗಟ್ಟಿಯಾಗಲು ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಸಾಕು ಎನ್ನುತ್ತಾರೆ. ನೀವು ಹಾಕುತ್ತೀರಾ?

ಹಾಕುವುದಿಲ್ಲ. ಪ್ರಯಾಣಕ್ಕೆಂದು ಗರ್ಭ ಗಟ್ಟಿ ಮಾಡುವ ಇಂಜೆಕ್ಷನ್ ಯಾವುದೂ ಇಲ್ಲ. ಅದರ ಹೆಸರಲ್ಲಿ ಚುಚ್ಚುವುದು ಹೆಚ್ಚಾಗಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್. ಬ್ರಿಟನ್ನಿನಲ್ಲಿ ಬ್ಲೀಡಿಂಗ್ ಆಗುತ್ತಿದ್ದ 4,000ಕ್ಕೂ ಹೆಚ್ಚು ಬಸುರಿಯರಲ್ಲಿ ಇದನ್ನು ಪರೀಕ್ಷಿಸಿದರು, ಫಲಿತಾಂಶ 2019ರಲ್ಲಿ ಬಂತು. ಲಾಭದ ಸುಳಿವು ಸಿಕ್ಕಿದ್ದು ಹಿಂದೆಯೂ ಗರ್ಭ ಹೋಗಿದ್ದವರಲ್ಲಿ ಮಾತ್ರ. ಬ್ಲೀಡಿಂಗ್ ಇಲ್ಲದೆ ಆರಾಮಾಗಿ ಓಡಾಡುವವರಿಗೆ ಸುಮ್ನೆ ಚುಚ್ಚಿ ಕಳಿಸುವುದು ವೈದ್ಯಕೀಯವಲ್ಲ, ವ್ಯಾಪಾರ. ಹೊಟ್ಟೆಗೆ ಕಟ್ಟಿಕೊಳ್ಳುವ ರೇಡಿಯೇಷನ್ ತಡೆ ಬೆಲ್ಟ್ ಮಾರುವವರೂ ಇದೇ ಸಾಲಿನವರು.

ಪ್ರಶ್ನೆ: ಏರ್‌ಪೋರ್ಟ್ ಸ್ಕ್ಯಾನರ್‌ನಿಂದ ಭ್ರೂಣಕ್ಕೆ ಹಾನಿಯೇ?

ಇಲ್ಲ. ಎಕ್ಸ್-ರೇ ಇರುವುದು ಬ್ಯಾಗ್ ಹೋಗುವ ಬೆಲ್ಟಿನಲ್ಲಿ. ಮಗು ಅದರ ಮೇಲೆ ಹತ್ತದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಎರಡು ತಿಂಗಳಿಗೇ ವಿಮಾನದವರಿಗೆ ಡಾಕ್ಟರ್ ಪತ್ರ ಕೊಡಬೇಕೇ?

ಸಾಮಾನ್ಯವಾಗಿ ಪತ್ರ ಕೇಳುವುದು 28 ವಾರ ಆದ ಮೇಲೆ. ನಿಮ್ಮ ಏರ್‌ಲೈನ್ ನಿಯಮ ನೋಡಿಕೊಳ್ಳಿ.

ಪ್ರಶ್ನೆ: ನಾವು ಹೋಗುವ ಕಡೆ ಸೊಳ್ಳೆ ಕಾಟ ಇದೆಯಂತೆ. ಲಸಿಕೆ ಹಾಕಿಸಿಕೊಂಡು ಹೋದರೆ ಆಗದೇ?

ಸೊಳ್ಳೆಯಿಂದ ಹರಡುವ ಝೀಕಾ ವೈರಸ್‌ಗೆ ಲಸಿಕೆಯೇ ಇಲ್ಲ. ತಾಯಿಗೆ ಜ್ವರವೇ ಬರದೆ ಹೊಟ್ಟೆಯ ಮಗುವಿನ ಮಿದುಳಿಗೆ ಪೆಟ್ಟು ಬೀಳಬಹುದು, ಗಂಡನಿಂದ ಹೆಂಡತಿಗೂ ಅಂಟುತ್ತದೆ. ಮಲೇರಿಯಾ ಬಸುರಿಯರಲ್ಲಿ ವಿಪರೀತಕ್ಕೆ ಹೋಗುತ್ತದೆ, ತಡೆಯುವ ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್‌ನಂಥವು ನಿಮಗೆ ಆಗುವುದಿಲ್ಲ. ಹಳದಿ ಜ್ವರ, ದಡಾರ, ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಇರುವುದು ಜೀವಂತ ವೈರಸ್, ಹಾಗಾಗಿ ಸಾಮಾನ್ಯವಾಗಿ ಬಸುರಿಗೆ ಕೊಡುವುದಿಲ್ಲ. ಇಂಥ ಊರಿಗೆ ಸುತ್ತಾಡಲು ಹೊರಟಿದ್ದರೆ ಬೇಡ. ಕೆಲಸದ ಮೇಲೆ ಹೋಗಲೇಬೇಕಾದರೆ ಡೀಟ್ ಇರುವ ಸೊಳ್ಳೆ ಕ್ರೀಮ್ ಹಚ್ಚಿ, ಅದು ಬಸುರಿಗೂ ಆಗುತ್ತದೆ, ಎರಡು ತಿಂಗಳು ದಾಟಿದ ಮಗುವಿಗೂ ಆಗುತ್ತದೆ. ಕೀಂ ಎಂದು ಸದ್ದು ಮಾಡುವ ಕೈಪಟ್ಟಿಗೆ ಸೊಳ್ಳೆ ಹೆದರುವುದಿಲ್ಲ. ಮಗುವಿನ ದಡಾರದ ಲಸಿಕೆ ಬಾಕಿ ಇದ್ದರೆ ಹೊರಡುವ ಮುಂಚೆ ಮುಗಿಸಿ. ವಿದೇಶಕ್ಕೆ ಹೋಗುವ ಮಕ್ಕಳಿಗೆ ಆರು ತಿಂಗಳಿಗೇ ಒಂದು ಡೋಸ್ ಕೊಡಿಸಬಹುದು.

ಪ್ರಶ್ನೆ: ವಿಮಾನದಲ್ಲಿ ಮಗು ಮಲಗಲು ಶೀತದ ಸಿರಪ್ ಕೊಡಬಹುದಾ? ನನಗೂ ಸ್ವಲ್ಪ ವಿಶ್ರಾಂತಿ ಸಿಗುತ್ತದೆ.

ಕೊಡಬೇಡಿ. ಅಂಥ ಕೆಲವು ಸಿರಪ್‌ಗಳಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದ ಒಳಗಿನವರಲ್ಲಿ ಉಸಿರನ್ನೇ ತಡೆಯಬಹುದು. ಬೇರೆ ಸಿರಪ್‌ಗಳಿಂದ ಕೆಲವು ಮಕ್ಕಳು ಮಲಗುವ ಬದಲು ಕುಣಿಯಲು ಶುರುಮಾಡುತ್ತಾರೆ.

ಪ್ರಶ್ನೆ: ಪ್ರಯಾಣದಲ್ಲಿ ಮಗನಿಗೆ ನೆಗಡಿ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೆ ತಗಲುತ್ತದೆಯೇ?

ನೆಗಡಿ ಬಿಡಿ. ಸೈಟೋಮೆಗಾಲೋ ಅಂತ ಒಂದು ವೈರಸ್ ಇದೆ, ಅದರ ಹೆಸರು ಕೇಳಿದ ತಾಯಂದಿರೇ ಕಡಿಮೆ. ಪುಟ್ಟ ಮಕ್ಕಳ ಎಂಜಲಲ್ಲಿ, ಮೂತ್ರದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಮಗು ಮಾತ್ರ ಗುಂಡುಕಲ್ಲಿನ ಹಾಗೆ ಆಡಿಕೊಂಡಿರುತ್ತದೆ. ತಾಯಿಗೆ ಮೊದಲ ಸಲ ತಗಲುವುದು ಬಸುರಿನ ಶುರುವಿನ ತಿಂಗಳುಗಳಲ್ಲಾದರೆ ಹೊಟ್ಟೆಯ ಮಗುವಿನ ಕಿವಿ, ಮಿದುಳಿಗೆ ತೊಂದರೆಯಾಗಬಹುದು. ಮನೆಯಲ್ಲಿ ಜಾಗ್ರತೆಯಾಗಿರುವವರೂ ಪ್ರಯಾಣದಲ್ಲಿ ತಪ್ಪುತ್ತಾರೆ. ಮಗ ಅರ್ಧ ತಿಂದ ಊಟದ ತಟ್ಟೆ ಎದುರಿಗಿರುತ್ತದೆ, ಎಸೆಯಲು ಮನಸ್ಸು ಬರುವುದಿಲ್ಲ, ಅದೇ ಚಮಚದಲ್ಲಿ ನೀವೇ ಮುಗಿಸುತ್ತೀರಿ. ಕೆಳಗೆ ಬಿದ್ದ ನಿಪ್ಪಲ್ಲನ್ನು ಬಾಯಲ್ಲಿಟ್ಟು ಚೀಪಿ ಕೊಡುತ್ತೀರಿ. ಈ ಒಂಬತ್ತು ತಿಂಗಳು ಅವೆರಡೂ ಬೇಡ. ಡಯಾಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಮುತ್ತು ಕೊಡಿ, ಆದರೆ ಹಣೆಗೆ.