ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಕಾಸಿನ ರಾಕ್ಷಸ ಚಿತ್ರಗಳು

ಹಿಮದ ನಡುವಿನ ಸಂಶೋಧನಾ ಠಾಣೆ, ಗಣಿ, ಹಡಗು, ದೀಪಸ್ತಂಭ. ಊರಾಚೆಯ ಇಂಥ ಕೆಲಸದ ಜಾಗಕ್ಕೆ ಒಂದು ಪ್ರಾಣಿ ನುಗ್ಗಿ ನಾಲ್ಕಾರು ಜನರನ್ನು ಕಾಡುವ ಚಿತ್ರಗಳ ಬಗ್ಗೆ ಬಂದ ಪ್ರಶ್ನೆಗಳಿವು. ನೋಡುವವರಿಗಿಂತ ಮಾಡಹೊರಟವರೇ ಹೆಚ್ಚು ಬರೆದಿದ್ದಾರೆ, ಹಾಗಾಗಿ ಉತ್ತರವೂ ಅತ್ತಲೇ ವಾಲಿದೆ.

ಪ್ರಶ್ನೆ: ಎಲ್ಲದರಲ್ಲೂ ಅದೇ ಆರೇಳು ಜನ, ಅದೇ ಓಣಿ, ಅದೇ ಕಬ್ಬಿಣದ ಬಾಗಿಲು. ಕಥೆ ಬರೆಯುವವರಿಗೆ ಬೇರೆ ಊರೇ ಸಿಗುವುದಿಲ್ಲವೇ? (ಧಾರವಾಡ)

ಊರು ಸಿಗುತ್ತದೆ, ಅದರ ಖರ್ಚು ತಡೆದುಕೊಳ್ಳಲು ಆಗುವುದಿಲ್ಲ. ಊರೊಳಗೆ ಪ್ರಾಣಿ ಬಂದರೆ ಓಡುವ ಜನ ಬೇಕು, ಪೊಲೀಸರು ಬೇಕು, ರಸ್ತೆ ಬಂದ್ ಮಾಡಿಸಬೇಕು. ಹಿಮದ ಆ ಸಂಶೋಧನಾ ಠಾಣೆಯೊಳಗಾದರೆ ಏಳು ಜನ, ಒಂದೇ ಸಮವಸ್ತ್ರ. ಒಂದು ಕಾರಿಡಾರಿನ ಎರಡು ತುದಿಯಿಂದಲೂ ಶೂಟ್ ಮಾಡಿ, ಬಾಗಿಲ ಮೇಲಿನ ನಂಬರ್ ಬದಲಿಸಿದರೆ ಅದೇ ನಾಲ್ಕು ಕಾರಿಡಾರ್.

ಇದಕ್ಕಿಂತ ದೊಡ್ಡ ಲಾಭ ಕಥೆಗೆ. ‘ಅಲ್ಲಿಂದ ಎದ್ದು ಹೋಗಬಾರದೇ?’ ಎಂಬ ಪ್ರೇಕ್ಷಕನ ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿರುತ್ತದೆ. ರಜೆಗೆ ಬಂದವರು ಬೆಳಗಾದರೆ ಗಂಟುಮೂಟೆ ಕಟ್ಟಬಹುದು, ಸಂಬಳಕ್ಕೆ ಬಂದವರು ಕಟ್ಟಲಾರರು. 1979ರ ‘ಏಲಿಯನ್’ನಲ್ಲಿ ಸರಕು ನೌಕೆಯ ಸಿಬ್ಬಂದಿ ಬೋನಸ್ ಬಗ್ಗೆ ಕಚ್ಚಾಡುತ್ತಾರೆ. ಅಪರಿಚಿತ ಸಂಕೇತ ಬಂದಾಗ ಹೋಗಿ ನೋಡದಿದ್ದರೆ ಪಾಲು ಖೋತಾ ಎಂದು ಕರಾರಿನಲ್ಲೇ ಇದೆ, ಅದಕ್ಕಾಗಿಯೇ ಇಳಿಯುತ್ತಾರೆ. ಹೊಸಬರ ಸ್ಕ್ರಿಪ್ಟ್‌ಗಳಲ್ಲಿ ಇದೇ ಕಾಣೆ. ಕಾರ್ಖಾನೆ ಇರುತ್ತದೆ, ಅಲ್ಲಿ ಯಾರೂ ಕೆಲಸ ಮಾಡುತ್ತಿರುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಪಾಳಿ, ಹಾಜರಿ ಪುಸ್ತಕ, ಕೆಟ್ಟ ಮೋಟಾರು, ಮೇಸ್ತ್ರಿಯ ಬೈಗುಳ ಬರಲಿ. ಮುಂದೆ ಪ್ರಾಣಿಯ ವಿರುದ್ಧ ಎತ್ತಿಕೊಳ್ಳುವ ಆಯುಧವೂ ಆ ಹತ್ತು ನಿಮಿಷದಲ್ಲೇ ಕೆಲಸದ ಸಾಮಾನಾಗಿ ಕಾಣಿಸಿಕೊಂಡಿರಬೇಕು.

ಪ್ರಶ್ನೆ: ಬರ್ಗರ್ ಡಬ್ಬಿ ಅಂಟಿಸಿ ಬಾಹ್ಯಾಕಾಶ ನೌಕೆಯ ಗೋಡೆ ಮಾಡಿದ್ದರಂತೆ, ನಿಜವೇ? (ಮೈಸೂರು)

ನಿಜ. 1981ರ ‘ಗ್ಯಾಲಕ್ಸಿ ಆಫ್ ಟೆರರ್’. ನಿರ್ಮಾಪಕ ರೋಜರ್ ಕಾರ್ಮನ್, ಸೆಟ್ ವಿನ್ಯಾಸದ ಹೊಣೆ ಜೇಮ್ಸ್ ಕ್ಯಾಮರೂನ್ ಅವರದು. ಮರುವರ್ಷ ಅದೇ ಸೆಟ್‌ಗಳನ್ನು ‘ಫರ್ಬಿಡನ್ ವರ್ಲ್ಡ್’ ಎಂಬ ಇನ್ನೊಂದು ಚಿತ್ರಕ್ಕೂ ಬಳಸಿದರು. ಅದರ ಕಥೆ ನಡೆಯುವುದು ದೂರದ ಗ್ರಹದ ಪ್ರಯೋಗಾಲಯದಲ್ಲಿ.

ಒಂದೇ ಆಕಾರ ಸಾಲುಸಾಲಾಗಿ ಮರುಕಳಿಸಬೇಕು, ಎಲ್ಲಕ್ಕೂ ಒಂದೇ ಬಣ್ಣ ಇರಬೇಕು, ಬೆಳಕು ಪಕ್ಕದಿಂದ ಗೋಡೆ ಸವರುವಂತೆ ಬೀಳಬೇಕು. ಆಗ ಕಣ್ಣಿಗೆ ಡಬ್ಬಿ ಕಾಣುವುದಿಲ್ಲ, ಯಂತ್ರ ಕಾಣುತ್ತದೆ. ಮೊಟ್ಟೆಯ ಟ್ರೇ, ಪಿವಿಸಿ ಎಲ್ಬೋ, ಹಳೆಯ ಕೀಬೋರ್ಡಿನ ಬೆನ್ನು, ಏನಾದರೂ ನಡೆಯುತ್ತದೆ. ಥರ್ಮಾಕೋಲ್ ಬಳಸಿದರೆ ಒಂದು ಎಚ್ಚರ: ಸ್ಪ್ರೇ ಪೇಂಟಿನ ದ್ರಾವಕ ಅದನ್ನು ತಿಂದುಹಾಕುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಅಥವಾ ಎಮಲ್ಷನ್ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ ಮೇಲೆ ಸ್ಪ್ರೇ ಮಾಡಿ. ಹ್ಯಾಲೊಜನ್ ದೀಪ ಇದರ ಹತ್ತಿರ ಸುಳಿಯಬಾರದು.

ಪ್ರಶ್ನೆ: ನಮ್ಮ ತೋಟದಲ್ಲೇ ರಬ್ಬರ್ ಇದೆ. ಮರದ ಹಾಲಿನಿಂದಲೇ ಪ್ರಾಣಿಯ ಚರ್ಮ ಮಾಡಬಹುದೇ? ಹತ್ತು ಸಾವಿರ ರೂಪಾಯಿ ದಾಟಬಾರದು. (ಸುಳ್ಯ)

ಮರದ ಹಾಲು ನೇರವಾಗಿ ಬೇಡ. ಅದರಲ್ಲಿ ರಬ್ಬರಿನ ಅಂಶ ನೂರಕ್ಕೆ 30ರಿಂದ 40, ಉಳಿದದ್ದು ಬಹುಪಾಲು ನೀರು. ಅಮೋನಿಯಾ ಬೆರೆಸದಿದ್ದರೆ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುವುದು ನಿಮಗೇ ಗೊತ್ತು. ಬೆರೆಸಿ ಇಟ್ಟುಕೊಂಡರೂ, ಗಂಧಕದಿಂದ ಹದಗೊಳಿಸದ ರಬ್ಬರ್ ಒಣಗಿದ ಮೇಲೂ ಜಿಗುಟಾಗಿಯೇ ಇರುತ್ತದೆ, ಎಳೆದರೆ ಮೊದಲಿನ ಆಕಾರಕ್ಕೆ ಸರಿಯಾಗಿ ಮರಳುವುದಿಲ್ಲ. ಅಂಗಡಿಯಲ್ಲಿ ‘ಪ್ರಿವಲ್ಕನೈಸ್ಡ್ ಲೇಟೆಕ್ಸ್’ (ಮೊದಲೇ ಹದಗೊಳಿಸಿದ ರಬ್ಬರ್ ಹಾಲು) ಎಂದೇ ಕೇಳಿ, ರಬ್ಬರ್ ಅಂಶ 60 ಪ್ರತಿಶತ ಇರುವುದನ್ನು ತನ್ನಿ.

ನಿಮ್ಮ ಹತ್ತು ಸಾವಿರದಲ್ಲಿ ಇಡೀ ಮೈ ಮಾಡುವ ಹುಚ್ಚು ಬಿಡಿ. ತಲೆ, ಭುಜ, ಎರಡು ಕೈ ಸಾಕು, ಸೊಂಟದ ಕೆಳಗೆ ಕತ್ತಲೆ ನೋಡಿಕೊಳ್ಳುತ್ತದೆ. ಇಷ್ಟಕ್ಕೆ ಸುಮಾರು 3 ಕೆ.ಜಿ. ಲೇಟೆಕ್ಸ್, ಸೋಫಾಕ್ಕೆ ಬಳಸುವ ಫೋಮ್ 25 ಮಿ.ಮೀ.ದು ಒಂದು ಹಾಳೆ, 12 ಮಿ.ಮೀ.ದು ಒಂದು, ಅರ್ಧ ಲೀಟರ್ ರಬ್ಬರ್ ಅಂಟು ಬೇಕು.

ನಟನಿಗೆ ಹಳೆಯ ಬಿಗಿ ಟೀ ಶರ್ಟ್ ತೊಡಿಸಿ, ಅದರ ಮೇಲೆ ಅಗಲದ ಟೇಪನ್ನು ಮೂರು ಪದರ ಸುತ್ತಿ, ಬೆನ್ನಿನಲ್ಲಿ ಕತ್ತರಿಸಿ ತೆಗೆಯಿರಿ. ಒಳಗೆ ಕಾಗದ ತುರುಕಿದರೆ ಅವನದೇ ಅಳತೆಯ ಗೊಂಬೆ ಸಿದ್ಧ. ತಲೆಗೆ ಟೇಪ್ ಸುತ್ತಬೇಡಿ, ಉಸಿರುಗಟ್ಟುತ್ತದೆ. ಹೆಲ್ಮೆಟ್ಟಿನ ಒಳಪಟ್ಟಿಯ ಮೇಲೆ ಫೋಮ್ ಕಟ್ಟಿ, ನಟನಿಗೆ ಹಾಕಿಸಿ ಮತ್ತೆ ಮತ್ತೆ ಅಳೆಯಿರಿ. ಅಳತೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1958ರ ‘ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ನೋಡಿ: ಪಾಲ್ ಬ್ಲೇಸ್‌ಡೆಲ್ ಮಾಡಿದ ಮುಖವಾಡ ನಟ ರೇ ಕೊರಿಗನ್‌ಗೆ ಹೊಂದದೆ, ಅವರ ಗದ್ದ ಪ್ರಾಣಿಯ ಬಾಯಿಂದ ಹೊರಗೆ ಇಣುಕಿತು. ಗದ್ದಕ್ಕೇ ಬಣ್ಣ ಬಳಿದು ನಾಲಿಗೆ ಮಾಡಿಬಿಟ್ಟರು! ಒಳ್ಳೆಯ ಉಪಾಯ, ಆದರೆ ಅದನ್ನೇ ನಂಬಿ ಹೊರಡಬೇಡಿ.

ಫೋಮನ್ನು ಗೊಂಬೆಯ ಅಳತೆಗೆ ಹೊಸ ಬ್ಲೇಡಿನಿಂದ ಕತ್ತರಿಸಿ. ಅಂಟನ್ನು ಎರಡೂ ಮುಖಕ್ಕೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳಿಗೆ ಹತ್ತದಂತಾದಾಗ ಒತ್ತಿ. ಒದ್ದೆಯಲ್ಲೇ ಒತ್ತಿದರೆ ಜೋಡಣೆ ಬಿಚ್ಚಿಕೊಳ್ಳುತ್ತದೆ. ಮೇಲೆ ಲೇಟೆಕ್ಸನ್ನು ಸ್ಪಂಜಿನ ತುಂಡಿನಿಂದ ತಟ್ಟುತ್ತಾ ನಾಲ್ಕೈದು ಪದರ ಕೊಡಿ. ಎರಡನೆಯ ಮತ್ತು ಮೂರನೆಯ ಪದರದ ನಡುವೆ ಹರಿದ ಟಿಶ್ಯೂ ಕಾಗದ ಸುಕ್ಕಿಸಿ ಕೂರಿಸಿದರೆ ಮುದಿ ಚರ್ಮದ ನೆರಿಗೆ ಬರುತ್ತದೆ. ಹಾಲುಬಿಳಿ ಹೋಗಿ ಜೇನುಬಣ್ಣ ಬಂದರೆ ಆ ಪದರ ಒಣಗಿದೆ ಎಂದರ್ಥ. ನಿಮ್ಮ ಕಡೆ ಮಳೆಗಾಲದಲ್ಲಿ ಒಂದು ಪದರಕ್ಕೆ ಒಂದು ದಿನವೇ ಬೇಕಾದೀತು; ಫ್ಯಾನ್ ಹಾಕಿ, ಅವಸರಕ್ಕೆ ಬೆಂಕಿಯ ಮುಂದೆ ಹಿಡಿಯಬೇಡಿ. ಬಣ್ಣವನ್ನು ಲೇಟೆಕ್ಸಿಗೇ ಬೆರೆಸಿ. ಬರಿ ಅಕ್ರಿಲಿಕ್ ಬಳಿದರೆ ಮೊದಲ ಸಲ ಮೊಣಕೈ ಮಡಚಿದಾಗಲೇ ಬಿರಿಯುತ್ತದೆ. ಒಣಗಿದ ಮೇಲೆ ಬಣ್ಣ ಗಾಢವಾಗುವುದರಿಂದ ಒಂದು ಛಾಯೆ ತಿಳಿಯಾಗಿ ಕಲಸಿಕೊಳ್ಳಿ. ಕೊನೆಗೆ ಟಾಲ್ಕಂ ಪೌಡರ್ ಸವರದಿದ್ದರೆ ಚರ್ಮಕ್ಕೆ ಚರ್ಮ ಅಂಟಿ ಕೂರುತ್ತದೆ.

ಲೇಟೆಕ್ಸಿಗೆ ಶತ್ರು ಎರಡು, ಎಣ್ಣೆ ಮತ್ತು ತಾಮ್ರ. ನಟ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದರೆ ಮುಖವಾಡ ಒಳಗಿನಿಂದ ಮೆತ್ತಗಾಗುತ್ತದೆ. ಹಿತ್ತಾಳೆಯ ಜಿಪ್, ತಾಮ್ರದ ತಂತಿ ತಗುಲಿದಲ್ಲಿ ರಬ್ಬರ್ ಕೊಳೆಯುತ್ತದೆ, ಪ್ಲಾಸ್ಟಿಕ್ ಜಿಪ್ ಹಾಕಿ. ಕೆಲವರಿಗೆ ಲೇಟೆಕ್ಸ್ ಅಲರ್ಜಿ ಜೀವಕ್ಕೇ ಅಪಾಯ. ನಟನಿಗೆ ಬಲೂನು, ರಬ್ಬರ್ ಕೈಗವಸಿನಿಂದ ತುರಿಕೆಯೋ ಊತವೋ ಬಂದಿದ್ದರೆ ಆತನನ್ನು ಆರಿಸಲೇಬೇಡಿ. ಹತ್ತು ನಿಮಿಷಕ್ಕೊಮ್ಮೆ ಮುಖವಾಡ ತೆಗೆಸಿ ನೀರು ಕೊಡಿ.

ಮುಂದಿನ ಚಿತ್ರಕ್ಕೆಂದು ಟೇಪಿನ ಗೊಂಬೆಯನ್ನು ಎತ್ತಿಡಿ. ದೀಪಸ್ತಂಭದ ಕಥೆಯಾದ ‘ದಿ ಮಾನ್‌ಸ್ಟರ್ ಆಫ್ ಪಿಯೆಡ್ರಾಸ್ ಬ್ಲಾಂಕಾಸ್’ (1959) ಚಿತ್ರದ ಪ್ರಾಣಿಗೆ ಜ್ಯಾಕ್ ಕೆವನ್ ಕೊಟ್ಟದ್ದು ಯೂನಿವರ್ಸಲ್ ಸ್ಟುಡಿಯೋದ ಹಳೆಯ ರಾಕ್ಷಸರ ಅಚ್ಚಿನಿಂದಲೇ ತೆಗೆದ ಕೈಕಾಲು.

ಪ್ರಶ್ನೆ: ಬಾಯಿಂದ ಸುರಿಯುವ ಲೋಳೆ ಯಾವುದರದು? (ಬಳ್ಳಾರಿ)

‘ಏಲಿಯನ್’ನಲ್ಲಿ ಕೆ-ವೈ ಜೆಲ್ಲಿ ಎಂಬ, ನೀರಿನಲ್ಲಿ ಕರಗುವ ಜಾರುಲೇಪ ಬಳಸಿದರು. ನೀವು ಗೋರಿಕಾಯಿ ಬೀಜದ ಗೋಂದು, ಅಂದರೆ ಗೌರ್ ಗಮ್ ಪುಡಿ ತನ್ನಿ. ಒಂದು ಲೀಟರ್ ನೀರಿಗೆ 10 ಗ್ರಾಂ. ಪುಡಿಯನ್ನು ನೇರವಾಗಿ ನೀರಿಗೆ ಸುರಿದರೆ ಗಂಟುಕಟ್ಟುತ್ತದೆ. ಮೊದಲು ಎರಡು ಚಮಚ ಗ್ಲಿಸರಿನ್‌ನಲ್ಲಿ ಕಲಸಿ, ತಿರುಗುತ್ತಿರುವ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡಿ, ಇಪ್ಪತ್ತು ನಿಮಿಷ ಕಾಯಿರಿ. ಉದ್ದ ಎಳೆ ಬೇಕೆಂದರೆ ಬೊರಾಕ್ಸ್ ದ್ರಾವಣ ನಾಲ್ಕು ಹನಿ ಬೀಳಲಿ, ಆದರೆ ಬೊರಾಕ್ಸ್ ಬಿದ್ದದ್ದು ಯಾರ ಬಾಯಿಗೂ ಕಣ್ಣಿಗೂ ಹೋಗಕೂಡದು. ಮಾರನೆಯ ದಿನಕ್ಕೆ ಹಳಸುತ್ತದೆ, ಅವತ್ತಿನದು ಅವತ್ತೇ ಮಾಡಿ. ಗಾರೆ ನೆಲದ ಮೇಲೆ ಬಿದ್ದರೆ ಪ್ರಾಣಿಗಿಂತ ಮೊದಲು ಕ್ಯಾಮೆರಾದವರು ಜಾರುತ್ತಾರೆ, ಫ್ರೇಮಿನಾಚೆ ಗೋಣಿತಾಟು ಹಾಸಿಡಿ.

ಪ್ರಶ್ನೆ: ಕಷ್ಟಪಟ್ಟು ಮಾಡಿದ ಪ್ರಾಣಿ ತೆರೆಯ ಮೇಲೆ ರೇನ್‌ಕೋಟ್ ಹಾಕಿದ ಮನುಷ್ಯನಂತೆ ಕಾಣುತ್ತಿದೆ. ಏನು ಮಾಡಲಿ? (ಹಾಸನ)

ಮುಂದಿನ ದೀಪ ಆರಿಸಿ. ಬಹುತೇಕ ಇದೊಂದೇ ಮದ್ದು. ಒಂದು ದೀಪ ಹಿಂದೆ, ಭುಜಕ್ಕಿಂತ ಎತ್ತರದಲ್ಲಿ ಇರಲಿ. ಲೋಳೆ ಮಿನುಗಲು ಇನ್ನೊಂದು ಪಕ್ಕದಿಂದ, ಮಂದವಾಗಿ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ) ಹಿಂದಿನ ದೀಪಕ್ಕೆ ಹೊಂದಿಸಿ, ಮುಖ ಕಪ್ಪಾಗಲಿ.

ಎರಡನೆಯದು ಮನುಷ್ಯನ ಅಂಗಾಂಗದ ಅನುಪಾತ ಮುರಿಯುವುದು. ‘ಏಲಿಯನ್’ಗೆ ಸುಮಾರು ಏಳಡಿ ಎತ್ತರದ, ತೆಳ್ಳನೆಯ ಬೊಲಾಜಿ ಬಡೇಜೊ ಅವರನ್ನು ಹುಡುಕಿ ತಂದದ್ದು ಅದಕ್ಕೇ. ನಿಮಗೆ ಅಂಥವರು ಸಿಗದಿದ್ದರೆ ನಟನ ಮುಂಗೈಗೆ ಒಂದಡಿ ಕೋಲು ಕಟ್ಟಿ ಅದರ ತುದಿಗೆ ಬೆರಳು ಕೂರಿಸಿ. ನಡೆಯುವುದನ್ನು ತೋರಿಸಬೇಡಿ, ನಿಂತಿರುವುದು, ತಿರುಗುವುದು, ಎರಗುವುದು ಮಾತ್ರ. 1951ರ ‘ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್’ನಲ್ಲಿ ಬಾಗಿಲು ತೆರೆದರೆ ಪ್ರಾಣಿ ಹೊಸ್ತಿಲಲ್ಲೇ ನಿಂತಿರುತ್ತದೆ, ತಕ್ಷಣ ಬಾಗಿಲು ಬೀಳುತ್ತದೆ. ಅಷ್ಟರಲ್ಲಿ ಹೊಲಿಗೆ ಎಣಿಸಲು ಯಾರಿಗೆ ಪುರುಸೊತ್ತು? ಎರಗುವ ಶಾಟನ್ನು ಸೆಕೆಂಡಿಗೆ 20 ಫ್ರೇಮ್‌ನಲ್ಲಿ (ಬಿಡಿ ಚಿತ್ರಗಳಲ್ಲಿ) ತೆಗೆದು 24ರಲ್ಲಿ ಓಡಿಸಿದರೆ ಚಲನೆ ಐದನೇ ಒಂದು ಪಾಲು ಚುರುಕಾಗುತ್ತದೆ. ಗೊಂಬೆ ಬಳಸಿದರೆ ಇದಕ್ಕೆ ತದ್ವಿರುದ್ಧ: ನಾಲ್ಕನೇ ಒಂದು ಗಾತ್ರದ ಮಾದರಿಯನ್ನು 48 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಚಲನೆಗೆ ತೂಕ ಬರುತ್ತದೆ.

ಪ್ರಶ್ನೆ: ಕೆಜಿಎಫ್‌ನ ಮುಚ್ಚಿದ ಗಣಿಯೊಳಗೆ ಇಳಿದು ಶೂಟ್ ಮಾಡಬಹುದೇ? (ಕೋಲಾರ)

ಬೇಡವೇ ಬೇಡ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಮೇಲಿನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದು ಉಳಿದ ಪುಡಿಯ ರಾಶಿಗಳ) ಧೂಳೂ ಉಸಿರಿಗೆ ಒಳ್ಳೆಯದಲ್ಲ.

ಸುರಂಗವನ್ನು ಶೆಡ್ಡಿನಲ್ಲೇ ಕಟ್ಟಿ. ಬಿದಿರಿನ ಕಮಾನು ಎಂಟು, ಎರಡೆರಡು ಅಡಿ ಅಂತರದಲ್ಲಿ. ಮೊದಲನೆಯದು ಏಳಡಿ ಎತ್ತರ, ಕೊನೆಯದು ನಾಲ್ಕೂವರೆ. ಮೇಲೆ ಸಿಮೆಂಟ್ ತಿಳಿಯಲ್ಲಿ ಅದ್ದಿದ ಗೋಣಿತಾಟು ಹೊದಿಸಿ. ಹದಿನಾಲ್ಕು ಅಡಿಯ ಗೂಡು ಕ್ಯಾಮೆರಾಕ್ಕೆ ಅದರ ಎರಡು ಪಟ್ಟಾದರೂ ಉದ್ದ ಕಾಣುತ್ತದೆ, ದೊಡ್ಡವರು ಆ ತುದಿಗೆ ಹೋಗದಿದ್ದರೆ ಸರಿ. ದೂರದ ಬಲ್ಬನ್ನೂ ಚಿಕ್ಕದಾಗಿಸಿ. ಜನರೇಟರ್ ಶೆಡ್ಡಿನ ಹೊರಗೇ ಇರಲಿ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಪ್ರಶ್ನೆ: ರಬ್ಬರಿನ ರಗಳೆ ಏಕೆ, ಗ್ರಾಫಿಕ್ಸ್ ಮಾಡಿದರೆ ಮುಗಿಯಿತಲ್ಲ? (ಬೆಂಗಳೂರು)

ಒಳ್ಳೆಯ ಗ್ರಾಫಿಕ್ಸ್ ರಬ್ಬರಿಗಿಂತ ದುಬಾರಿ, ಕೆಟ್ಟದ್ದು ಬೇಡ. ತಂತಿ, ಜಿಪ್, ಕೋಲು ಅಳಿಸಲು ಮಾತ್ರ ಕಂಪ್ಯೂಟರ್ ಬಳಸಿ.

ಪ್ರಶ್ನೆ: ಶಿವಮೊಗ್ಗದ ರೈಸ್‌ಮಿಲ್ಲಿನಲ್ಲಿ ರಜೆಯಲ್ಲಿ ತೆಗೆದ ದೃಶ್ಯದಲ್ಲಿ ಟ್ಯೂಬ್‌ಲೈಟಿನ ಪಟ್ಟೆಗಳು ಹರಿಯುತ್ತಿವೆ. ಇಲ್ಲಿ ಅದೇ ಕ್ಯಾಮೆರಾ ಸರಿಯಿದೆ. (ನ್ಯೂಜೆರ್ಸಿ)

ಕ್ಯಾಮೆರಾದ ದೋಷವಲ್ಲ, ಕರೆಂಟಿನದು. ಟ್ಯೂಬ್‌ಲೈಟ್ ಕರೆಂಟಿನ ಲಯಕ್ಕೆ ಮಿನುಗುತ್ತದೆ. ಆ ಲಯ ನಿಮ್ಮ ಅಮೆರಿಕದಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಸುತ್ತು), ಇಲ್ಲಿ ಭಾರತದಲ್ಲಿ 50. ನೀವು ಶಟರನ್ನು (ಒಂದು ಫ್ರೇಮಿಗೆ ಬೆಳಕು ಬೀಳುವ ಸಮಯವನ್ನು) 1/60 ಸೆಕೆಂಡಿನಲ್ಲೇ ಬಿಟ್ಟಿದ್ದೀರಿ. ಇಲ್ಲಿಗೆ ಬಂದಾಗ 1/50 ಇಡಿ. 48 ಫ್ರೇಮ್‌ನಲ್ಲಿ ತೆಗೆಯುವಾಗ 1/100. ಅಗ್ಗದ ಎಲ್‌ಇಡಿಯನ್ನು ಡಿಮ್ಮರಿನಿಂದ ತಗ್ಗಿಸಿದರೆ ಈ ಲೆಕ್ಕವೂ ಕೈಕೊಡುತ್ತದೆ. ಡಿಮ್ಮರ್ ಬಿಟ್ಟು ದೀಪವನ್ನು ನಾಲ್ಕು ಹೆಜ್ಜೆ ಹಿಂದೆ ಸರಿಸಿ.