ಹರಾಜಿಗಿಟ್ಟ ಕೈಗಡಿಯಾರದ ನನ್ನ ಫೋಟೋಗಳನ್ನೇ ಇನ್ನೊಬ್ಬ ಮಾರಾಟಗಾರ ಹಾಕಿಕೊಂಡಿದ್ದಾನೆ, ಏನು ಮಾಡಲಿ?

ನೀವು ಮುಂಬೈಯಲ್ಲಿ ಹಳೆ ಗಡಿಯಾರ ಮಾರುತ್ತೀರಿ, ನಾನು ಪುಣೆಯಲ್ಲಿ ಹಿತ್ತಾಳೆ ಅಡಕೊತ್ತು. ಇಲ್ಲಿನ ಕೇಳ್ಕರ್ ಮ್ಯೂಸಿಯಂನಲ್ಲಿ ಅವುಗಳ ಸಾಲು ನೋಡಿ ಹತ್ತಿದ ಹುಚ್ಚು. ಬುಧವಾರ, ಭಾನುವಾರ ಹಳೆ ಸಾಮಾನಿನ ಸಂತೆ ಜೂನಾ ಬಜಾರ್ ಸುತ್ತಿ ಹುಡುಕಿ ತರುತ್ತೇನೆ.

ಆ ಮಾರಾಟಗಾರನಿಗೆ ನೀವಿನ್ನೂ ಮೆಸೇಜ್ ಮಾಡಿಲ್ಲ ತಾನೆ? ಮಾಡಬೇಡಿ. ನನ್ನ ಫೋಟೋಗಳನ್ನೂ ಒಬ್ಬ ಹೀಗೇ ಕದ್ದಿದ್ದ. ರಾತ್ರಿ ಹನ್ನೊಂದಕ್ಕೆ ಸಿಟ್ಟು ತಡೆಯದೆ ಅವನಿಗೆ ಬೈದು ಬರೆದೆ. ಬೆಳಗ್ಗೆ ಎದ್ದರೆ ಅವನ ಲಿಸ್ಟಿಂಗೇ (ಮಾರಾಟಕ್ಕೆ ಹಾಕಿದ್ದ ಪುಟವೇ) ಇಲ್ಲ. ಎರಡು ದಿನ ಬಿಟ್ಟು ಬೇರೆ ಖಾತೆಯಲ್ಲಿ ಅದೇ ಫೋಟೋ, ಎಡ ಬಲ ತಿರುಗಿಸಿ ಹಾಕಿದ್ದ. ನನ್ನ ಹತ್ತಿರ ಒಂದು ಸ್ಕ್ರೀನ್‌ಶಾಟ್ ಸಹ ಇರಲಿಲ್ಲ. ಹಾಗಾಗಿ ಲಿಸ್ಟಿಂಗ್ ನಂಬರ್, ಅವನ ಐಡಿ, ತಾರೀಖು ಎಲ್ಲ ಕಾಣುವಂತೆ ಮೊದಲು ತೆಗೆದಿಟ್ಟುಕೊಳ್ಳಿ.

ಆಮೇಲಿನ ಪ್ರಶ್ನೆ, ಕ್ಲಿಕ್ ಮಾಡಿದ್ದು ಯಾರು? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ನೋಂದಣಿ ಮಾಡಿಸಿರಲೇಬೇಕು ಅಂತಿಲ್ಲ. ನನ್ನ ವಿಷಯದಲ್ಲಿ ಅಡಕೊತ್ತು ನನ್ನದು, ಮೊಬೈಲ್ ನನ್ನದು, ತೆಗೆದವಳು ತಂಗಿಯ ಮಗಳು. ನನ್ನ ಹೆಸರಲ್ಲಿ ದೂರು ಕೊಟ್ಟು, ‘ತೆಗೆದವರು ನೀವೇನಾ?’ ಅಂತ ಸೈಟಿನವರು ತಿರುಗಿ ಕೇಳಿದಾಗ ತಡವರಿಸಿದೆ. ಕೊನೆಗೆ ಅವಳ ಸಹಿ ಹಾಕಿಸಿ ಒಪ್ಪಿಗೆ ಪತ್ರ ಕಳಿಸಬೇಕಾಯಿತು. ಗಡಿಯಾರ ಕಂಪನಿಯ ವೆಬ್‌ಸೈಟಿನಿಂದ ನೀವೇ ಎತ್ತಿದ ಫೋಟೋ ಇದ್ದರೆ ಮಾತ್ರ, ದಯವಿಟ್ಟು ಸುಮ್ಮನಿದ್ದುಬಿಡಿ.

ಸಾಕ್ಷಿಗೆ ನನಗೆ ಕೆಲಸಕ್ಕೆ ಬಂದಿದ್ದು ಹಾಕದೇ ಉಳಿದ ಫೋಟೋಗಳು. ಒಂದು ವಸ್ತುವಿಗೆ ಹತ್ತು ಹನ್ನೆರಡು ತೆಗೆದು ಐದೋ ಆರೋ ಹಾಕುತ್ತೇವಲ್ಲ, ಮಿಕ್ಕಿದ್ದನ್ನು ಅಳಿಸಬೇಡಿ. ಅದೇ ಕಡಪಾ ಕಲ್ಲು, ಅದೇ ಕಿಟಕಿಯ ಬೆಳಕು, ಆದರೆ ಕೈ ಅಲುಗಿ ಮಸುಕಾದದ್ದು. ಅದು ಕಳ್ಳನ ಹತ್ತಿರ ಇರಲು ಸಾಧ್ಯವೇ ಇಲ್ಲ. ಮೂಲ ಫೈಲಿನಲ್ಲಿ ತಾರೀಖು, ಫೋನಿನ ಮಾಡೆಲ್ ಕೂಡ ಇರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ದಾಟಿ ಬಂದ ಪ್ರತಿಯಲ್ಲಿ ಅದು ಉಳಿಯುವುದಿಲ್ಲ.

ದೂರು ಎಲ್ಲಿಗೆ ಅಂದರೆ, ಈಬೇ ಆದರೆ ಹಕ್ಕುದಾರರಿಗೆಂದೇ ವೀರೋ (VeRO) ಎಂಬ ವ್ಯವಸ್ಥೆ ಇದೆ, ಅದರ ಫಾರಂ ತುಂಬಿ. ಅವರ ಭಾರತದ ಸೈಟ್ 2018ರಲ್ಲೇ ಮುಚ್ಚಿದರೂ ಹೊರದೇಶಕ್ಕೆ ಮಾರುವವರು ಮುಖ್ಯ ಸೈಟನ್ನೇ ಬಳಸುತ್ತಾರೆ. ಇಲ್ಲಿನ ಸೈಟ್ ಆದರೆ, 2021ರ ಐಟಿ ನಿಯಮಗಳಂತೆ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲೇ ಹಾಕಿರಬೇಕು. ಅವರಿಗೇ ಬರೆಯಿರಿ. ಕಳ್ಳ ಇನ್ನೆಲ್ಲೆಲ್ಲಿ ಹಾಕಿದ್ದಾನೆ ಅಂತ ಫೋಟೋ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲೂ ಒಮ್ಮೆ ನೋಡಿ.

ಫೋಟೋದಲ್ಲಿ ಹೆಸರು ಮೂಡಿಸುವ ವಾಟರ್‌ಮಾರ್ಕ್ ಮೇಲೆ ನನಗೆ ನಂಬಿಕೆ ಇಲ್ಲ. ಮೂಲೆಯಲ್ಲಿದ್ದರೆ ಕತ್ತರಿಸುತ್ತಾರೆ, ನಡುವೆ ಇದ್ದರೆ ಕೊಳ್ಳುವವರಿಗೆ ವಸ್ತುವೇ ಕಾಣುವುದಿಲ್ಲ. ಬದಲಿಗೆ ಒಂದು ಫೋಟೋದಲ್ಲಿ ನಿಮ್ಮ ಐಡಿ ಬರೆದ ಚೀಟಿಯ ಅಂಚನ್ನು ಗಡಿಯಾರದ ಪಟ್ಟಿಯ ಅಡಿಗೆ ಸಿಕ್ಕಿಸಿ.

ದೂರಿನ ಉತ್ತರ ಬರುವ ಮೊದಲೇ ಯಾರಾದರೂ ‘ಎರಡು ಕಡೆ ಒಂದೇ ಗಡಿಯಾರ ಇದೆಯಲ್ಲ, ಅಸಲಿ ಯಾರ ಹತ್ತಿರ?’ ಅಂತ ಕೇಳಿಯೇ ಕೇಳುತ್ತಾರೆ. ಅವನನ್ನು ದೂರುತ್ತಾ ಕೂರಬೇಡಿ. ‘ಯಾವ ಹೊತ್ತು ಬೇಕೋ ಹೇಳಿ’ ಅನ್ನಿ. ಅವರು ನಾಲ್ಕೂ ಇಪ್ಪತ್ತು ಅಂದರೆ ಮುಳ್ಳುಗಳನ್ನು ಅಲ್ಲಿಗೆ ತಿರುಗಿಸಿ ಫೋಟೋ ತೆಗೆದು ಕಳಿಸಿ. ಆ ಇನ್ನೊಬ್ಬ ಮಾರಾಟಗಾರನ ಹತ್ತಿರವೂ ಅದನ್ನೇ ಕೇಳಿ ನೋಡಿ ಅಂತ ಅವರಿಗೆ ಹೇಳಿ.