ಪಟ್ಟಿಯಲ್ಲಿ ಹೆಸರಿಲ್ಲದ ಮಧ್ಯಾಹ್ನ

ಪ್ರಿಯ ಬರಹಗಾರರೇ,

ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಹಿಂದಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಕುರಿತ ನಿಮ್ಮ ‘ಸೋಲರಿಯದ ಸರದಾರ’ ಲೇಖನ ಕೈಸೇರಿ ಮೂರು ವಾರವಾಯಿತು. ನಿಮ್ಮ ಕನ್ನಡ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, 1999ರಲ್ಲಿ ಬಾರ್ಸಿಲೋನಾ ನಗರದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೆಯ ನಿಮಿಷಗಳನ್ನು ಓದುವಾಗ ಮೈ ನವಿರೆದ್ದಿತು. ಆದರೂ ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಒಂಬತ್ತು ಪುಟಗಳಲ್ಲಿ ಎರಡು ವಾಕ್ಯಗಳು ನನ್ನನ್ನು ಬಿಡದೆ ಕಾಡಿವೆ. ಈ ಪತ್ರ ಆ ಎರಡರ ಬಗ್ಗೆ ಮಾತ್ರ.

ಮೊದಲನೆಯದು ಎರಡನೇ ಪುಟದಲ್ಲಿದೆ: “ಆಟಗಾರನಾಗಿ ಫರ್ಗ್ಯುಸನ್ ಹೇಳಿಕೊಳ್ಳುವಂಥದ್ದೇನನ್ನೂ ಸಾಧಿಸಲಿಲ್ಲ.”

ಇದು ತಪ್ಪು. 1965-66ರ ಋತುವಿನಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ತಂಡದ ಸ್ಟ್ರೈಕರ್ ಆಗಿ ಅವರು 51 ಪಂದ್ಯಗಳಲ್ಲಿ 45 ಗೋಲು ಹೊಡೆದರು. ಅದರಲ್ಲಿ ಲೀಗ್ ಗೋಲುಗಳೇ 31. ಸೆಲ್ಟಿಕ್ ತಂಡದ ಜೋ ಮೆಕ್‌ಬ್ರೈಡ್ ಜೊತೆ ಸ್ಕಾಟಿಷ್ ಲೀಗ್‌ನ ಅಗ್ರ ಗೋಲುದಾರನ ಸ್ಥಾನ ಹಂಚಿಕೊಂಡರು. 1967ರಲ್ಲಿ ರೇಂಜರ್ಸ್ ಕ್ಲಬ್ ಅವರಿಗಾಗಿ 65,000 ಪೌಂಡ್ ತೆತ್ತಿತು. ಸ್ಕಾಟ್ಲೆಂಡಿನ ಎರಡು ಕ್ಲಬ್‌ಗಳ ನಡುವೆ ಅಲ್ಲಿಯವರೆಗೆ ಅಷ್ಟು ದೊಡ್ಡ ಮೊತ್ತ ಯಾವ ಆಟಗಾರನಿಗೂ ಸಂದಿರಲಿಲ್ಲ. ಇಂಥವರನ್ನು ನೀವು ಒಂದು ವಾಕ್ಯದಲ್ಲಿ ಒರೆಸಿಹಾಕಿದ್ದೀರಿ. ಏಕೆಂದು ಊಹಿಸಬಲ್ಲೆ. ಸೋತ ಆಟಗಾರ ಗೆದ್ದ ಗುರುವಾದ ಎಂಬ ಕಥೆ ನಿಮಗೆ ಬೇಕಾಗಿತ್ತು. ಕಥೆಗೆ ಅಡ್ಡ ಬಂದ ಆಟಗಾರನನ್ನು ಕತ್ತರಿಸಿ ಚಿಕ್ಕದು ಮಾಡಿದ್ದೀರಿ.

ಅದರಿಂದ ಏನೇನು ಕೈತಪ್ಪಿತು ನೋಡಿ. ಹಡಗುಕಟ್ಟೆಯ ಕಾರ್ಮಿಕನ ಮಗ, ಗ್ಲಾಸ್ಗೋದ ಗೋವನ್ ಬಡಾವಣೆಯ ಹುಡುಗ, ಹಗಲು ಕಾರ್ಖಾನೆಯಲ್ಲಿ ಟೂಲ್‌ಮೇಕರ್ ಕಸುಬು ಕಲಿಯುತ್ತ ಆಟ ಆಡಿದವರು. 1963ರ ಡಿಸೆಂಬರ್ ಹೊತ್ತಿಗೆ ಸೇಂಟ್ ಜಾನ್‌ಸ್ಟನ್ ಕ್ಲಬ್‌ನ ಮೀಸಲು ತಂಡದಲ್ಲಿ ದಿನ ದೂಡುತ್ತಿದ್ದರು. ಕೆನಡಾಕ್ಕೆ ವಲಸೆ ಹೋಗುವ ಯೋಚನೆ ತಲೆಯಲ್ಲಿತ್ತು. ಒಂದು ವಾರ ಜ್ವರವೆಂದು ಕ್ಲಬ್ಬಿಗೆ ಸುಳ್ಳು ಹೇಳಿಸಿ ಸಿಕ್ಕಿಬಿದ್ದರು, ಮನೆಯಲ್ಲಿ ತಾಯಿಯಿಂದ ಬೈಗುಳ ತಿಂದರು, ಒಲ್ಲದ ಮನಸ್ಸಿನಿಂದ ಪಂದ್ಯಕ್ಕೆ ಹೋದರು. ಎದುರಾಳಿ ರೇಂಜರ್ಸ್, ಮೈದಾನ ಅವರು ಬೆಳೆದ ಮನೆಗೆ ಹತ್ತಿರದ ಐಬ್ರಾಕ್ಸ್. ಅಲ್ಲಿ ಹ್ಯಾಟ್ರಿಕ್ ಹೊಡೆದರು, ತಂಡ 3-2ರಲ್ಲಿ ಗೆದ್ದಿತು. ನಿಮ್ಮ ಲೇಖನದಲ್ಲಿ ಆ ತಾಯಿ ಇಲ್ಲ, ಆ ಸುಳ್ಳು ಜ್ವರವಿಲ್ಲ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ ಎನ್ನುತ್ತೀರಿ!

ಎರಡನೆಯ ವಾಕ್ಯ ಇನ್ನೂ ಗಂಭೀರವಾದದ್ದು. ಅದನ್ನು ಪೂರ್ತಿ ಎತ್ತಿ ಬರೆಯುತ್ತೇನೆ:

“1965ರ ಕಪ್ ಫೈನಲ್‌ನಲ್ಲಿ ಅವಕಾಶ ಸಿಗದೆ ಮೈದಾನದ ಮೂಲೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತ ಆ ಯುವಕ, ಮುಂದೆ ಯಾವ ಆಟಗಾರನಿಗೂ ಇಂಥ ನೋವು ಕೊಡೆನೆಂದು ಅಂದೇ ಶಪಥಗೈದ.”

‘ಅವಕಾಶ ಸಿಗದೆ’ ಎಂಬಲ್ಲಿಂದಲೇ ಶುರು ಮಾಡೋಣ. ಸಿಗದೇ ಹೋಗಲು ಅದು ಬಸ್ಸಿನ ಸೀಟಲ್ಲ. ಅದು ಸ್ಕಾಟಿಷ್ ಕಪ್ ಫೈನಲ್, ಡನ್‌ಫರ್ಮ್‌ಲಿನ್ ಮ್ಯಾನೇಜರ್ ವಿಲ್ಲಿ ಕನ್ನಿಂಗ್‌ಹ್ಯಾಮ್ ಅವರನ್ನು ತಂಡದಿಂದ ಕೈಬಿಟ್ಟರು. ಕೈಬಿಟ್ಟವರ ಹೆಸರನ್ನು ವಾಕ್ಯದಿಂದ ತೆಗೆದರೆ ಏಟು ಯಾವ ಕಡೆಯಿಂದ ಬಿತ್ತೆಂದು ಓದುಗನಿಗೆ ತಿಳಿಯುವುದಿಲ್ಲ. ಅದೂ ಯಾವಾಗ ಗೊತ್ತಾಯಿತು? ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕ್ ಕ್ರೀಡಾಂಗಣದ ಡ್ರೆಸ್ಸಿಂಗ್ ರೂಮಿನಲ್ಲಿ, ಆಟ ಶುರುವಾಗಲು ಒಂದು ಗಂಟೆಯೂ ಉಳಿದಿಲ್ಲದಾಗ, ತಂಡದ ಪಟ್ಟಿ ಓದುವಾಗ. ಸ್ಕಾಟ್ಲೆಂಡಿನಲ್ಲಿ ಆಗಿನ್ನೂ ಬದಲಿ ಆಟಗಾರರ ಪದ್ಧತಿ ಬಂದಿರಲಿಲ್ಲ. ಹನ್ನೊಂದು ಹೆಸರಿನಲ್ಲಿ ನಿಮ್ಮದಿಲ್ಲವೆಂದರೆ ಮುಗಿಯಿತು, ಹೊರಗೆ ಕುಳಿತು ನೋಡಬೇಕು. ಆ ಕೋಣೆ ನಿಮ್ಮ ಲೇಖನದಲ್ಲಿ ಎಲ್ಲಿದೆ?

‘ಮೈದಾನದ ಮೂಲೆಯಲ್ಲಿ’ ಅಂದಿದ್ದೀರಿ. ಯಾವ ಮೂಲೆ? ನೀವು ನೋಡಿಲ್ಲ, ನೋಡಿದವರು ಯಾರೂ ಬರೆದಿಲ್ಲ.

‘ಬಿಕ್ಕಿ ಬಿಕ್ಕಿ ಅತ್ತ’ ಎಂಬುದೂ ಹಾಗೆಯೇ. ಅವರು ಕೂಗಾಡಿದರು. ಎಲ್ಲರೆದುರೇ ಮ್ಯಾನೇಜರ್ ಮೇಲೆ ಹರಿಹಾಯ್ದರು, ಬೈದರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ದಶಕಗಳ ಕಾಲ ಡ್ರೆಸ್ಸಿಂಗ್ ರೂಮುಗಳನ್ನು ನಡುಗಿಸಿದ ಸಿಟ್ಟು 23ನೇ ವಯಸ್ಸಿನಲ್ಲಿ ಹೇಗಿತ್ತೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಿಮಗೆ ಸಿಗುತ್ತಿರಲಿಲ್ಲ. ಅಲ್ಲಿ ಕಣ್ಣೀರು ಸುರಿದು ಆ ಸಿಟ್ಟನ್ನು ಆರಿಸಿಬಿಟ್ಟಿದ್ದೀರಿ.

‘ಶಪಥಗೈದ’ ಎಂಬ ಪದ ಪೌರಾಣಿಕ ನಾಟಕದ್ದು, ಅದನ್ನು ಬೇಕಾದರೆ ಬಿಟ್ಟುಬಿಡಬಹುದು. ಶಪಥದ ವಿಷಯವನ್ನು ಮಾತ್ರ ಬಿಡಲಾರೆ. ನಿಮ್ಮದೇ ಐದನೇ ಪುಟ ತೆರೆಯಿರಿ. “1990ರಲ್ಲಿ ಎಫ್.ಎ. ಕಪ್ ಗೆದ್ದು ಟೀಕಾಕಾರರ ಬಾಯಿ ಮುಚ್ಚಿಸಿದರು” ಎಂದು ಬರೆದು ಮುಂದೆ ಓಡಿದ್ದೀರಿ. ಹೇಗೆ ಗೆದ್ದರು? ಕ್ರಿಸ್ಟಲ್ ಪ್ಯಾಲೇಸ್ ತಂಡದ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಆಡಿದ ಮೊದಲ ಫೈನಲ್ 3-3ರಲ್ಲಿ ಸಮವಾಯಿತು. ಐದು ದಿನಗಳ ನಂತರ ಮರುಪಂದ್ಯ. ಆ ಪಂದ್ಯಕ್ಕೆ ಫರ್ಗ್ಯುಸನ್ ತಮ್ಮ ಗೋಲ್‌ಕೀಪರ್ ಜಿಮ್ ಲೇಟನ್ ಅವರನ್ನು ಕೈಬಿಟ್ಟು, ಎರವಲಾಗಿ ಬಂದಿದ್ದ ಲೆಸ್ ಸೀಲಿಯನ್ನು ನಿಲ್ಲಿಸಿದರು. ಲೇಟನ್ ಯಾರು? 1983ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಫರ್ಗ್ಯುಸನ್ ಅವರೇ ಮ್ಯಾನೇಜರ್ ಆಗಿದ್ದ ಅಬರ್ಡೀನ್ ತಂಡ ರಿಯಲ್ ಮ್ಯಾಡ್ರಿಡ್ ತಂಡವನ್ನು 2-1ರಿಂದ ಸೋಲಿಸಿದಾಗ ಗೋಲಿನಲ್ಲಿ ನಿಂತವರು. ಫರ್ಗ್ಯುಸನ್ ಅವರೇ 1988ರಲ್ಲಿ ಮ್ಯಾಂಚೆಸ್ಟರಿಗೆ ಕರೆಸಿಕೊಂಡವರು. ಯುನೈಟೆಡ್ 1-0ರಲ್ಲಿ ಗೆದ್ದಿತು, ಮ್ಯಾಂಚೆಸ್ಟರಿನಲ್ಲಿ ಫರ್ಗ್ಯುಸನ್ ಅವರ ಮೊದಲ ಟ್ರೋಫಿ ಬಂತು. ಲೇಟನ್ ಜೊತೆಗಿನ ಸಂಬಂಧ ಮತ್ತೆ ಮೊದಲಿನಂತಾಗಲಿಲ್ಲ.

ಕಪ್ ಫೈನಲ್‌ನಿಂದ ಹೊರಗುಳಿಯುವುದು ಏನೆಂದು ಚೆನ್ನಾಗಿ ಬಲ್ಲವರೇ 25 ವರ್ಷಗಳ ನಂತರ ಅದನ್ನು ಇನ್ನೊಬ್ಬರಿಗೆ, ಅದೂ ತಮ್ಮವರಿಗೇ ಮಾಡಿದರು. ನಿಮ್ಮ ಇಡೀ ಲೇಖನದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಎರಡು ತುದಿಗಳೂ ನಿಮ್ಮ ಕೈಯಲ್ಲಿದ್ದವು, ಎರಡನೇ ಪುಟದಲ್ಲಿ ಒಂದು, ಐದನೇ ಪುಟದಲ್ಲಿ ಒಂದು. ನೀವು ಕಟ್ಟಿದ ಶಪಥ ನಡುವೆ ಗೋಡೆಯಂತೆ ನಿಂತು ಒಂದರಿಂದ ಇನ್ನೊಂದು ಕಾಣದಂತೆ ಮಾಡಿತು.

ನನಗೆ ಇಷ್ಟು ನೋವಾಗಲು ಕಾರಣವಿದೆ. ಮೂವತ್ತೆಂಟು ವರ್ಷಗಳ ಹಿಂದೆ ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಕ್ರೀಡಾಪುಟ ನೋಡಿಕೊಳ್ಳುತ್ತಿದ್ದೆ. ಜಾತ್ರೆಯ ಕಬಡ್ಡಿ ಪಂದ್ಯಾವಳಿಯ ಫೈನಲ್ ವರದಿ ಮಾಡಲು ಕಳಿಸಿದ್ದರು. ಒಂದೇ ಅಂಕದಿಂದ ಸೋತ ತಂಡದ ನಾಯಕ ಆಟ ಮುಗಿದ ಮೇಲೆ ಯಾರೊಂದಿಗೂ ಮಾತನಾಡದೆ ಸೈಕಲ್ ಹತ್ತಿ ಹೊರಟುಹೋದ. ನಾನು ಕಚೇರಿಗೆ ಬಂದು ‘ಇಡೀ ರಾತ್ರಿ ಕಣ್ಣೀರಿನಲ್ಲಿ ಕಳೆದ ನಾಯಕ’ ಎಂದು ಬರೆದೆ. ಅಚ್ಚಾಯಿತು.

ಎರಡು ದಿನ ಬಿಟ್ಟು ಅವನು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಬಂದ. ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳು ಅಂಟಿದ್ದವು. ಜಗಳಕ್ಕೆ ಬಂದಿರಲಿಲ್ಲ. “ಸರ್, ನಾನು ಅಳಲಿಲ್ಲ. ಆವತ್ತು ಗಿರಣಿಯಲ್ಲಿ ರಾತ್ರಿ ಪಾಳಿ ಇತ್ತು. ತಡವಾದರೆ ಒಳಗೆ ಬಿಡುವುದಿಲ್ಲ, ಅದಕ್ಕೇ ಬೇಗ ಹೋದೆ” ಎಂದ. ಅಷ್ಟೇ ಹೇಳಿ, ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದ.

ನಮ್ಮ ಮುಖ್ಯ ಉಪಸಂಪಾದಕರು ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಲೆ ಎತ್ತದೆ ಕೇಳಿದರು: “ಸೈಕಲ್ ಯಾವ ದಿಕ್ಕಿಗೆ ಹೋಯಿತು ಅಂತ ನೋಡಿದ್ದೆಯಾ?” ನೋಡಿದ್ದೆ. ಗಿರಣಿಯ ದಾರಿಯಲ್ಲೇ ಹೋಗಿತ್ತು. ಒಂದಂಕದಲ್ಲಿ ಫೈನಲ್ ಸೋತು, ತೊಡೆಗೆ ಹತ್ತಿದ ಮಣ್ಣನ್ನೂ ತೊಳೆದುಕೊಳ್ಳದೆ, ರಾತ್ರಿಯಿಡೀ ಯಂತ್ರದ ಮುಂದೆ ನಿಂತ ಮನುಷ್ಯನ ಕಥೆ ನನ್ನ ಕಣ್ಣೆದುರೇ ಹಾದುಹೋಗಿತ್ತು. ನಾನು ಅದರ ಬದಲು ಕಣ್ಣೀರು ಬರೆದಿದ್ದೆ. ಆ ಪ್ರತಿ ಇವತ್ತಿಗೂ ನನ್ನ ಬಳಿ ಇದೆ, ಅವನು ಮಡಿಸಿದ ಗುರುತುಗಳ ಸಮೇತ.

ಅಬರ್ಡೀನ್, ವಿಶ್ವಕಪ್, ಹದಿಮೂರು ಲೀಗ್ ಪ್ರಶಸ್ತಿಗಳು ಎಂದು ನೀವು ಬರೆದಿರುವ ಉಳಿದ ಪುಟಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಅರ್ಧಕ್ಕರ್ಧ ಇಳಿಸಿದರೂ ನಷ್ಟವಿಲ್ಲ. ಆ ಟ್ರೋಫಿಗಳು ಎಲ್ಲರಿಗೂ ಗೊತ್ತು.

ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿಲ್ಲವೆಂದು ತೋರುತ್ತದೆ, ಬರೆದಿಡುತ್ತೇನೆ. 1965ರ ಆ ಫೈನಲ್‌ನಲ್ಲಿ ಸೆಲ್ಟಿಕ್ 3-2ರಿಂದ ಗೆದ್ದಿತು. ಗೆಲುವಿನ ಗೋಲು ಕಾರ್ನರ್ ಕಿಕ್‌ಗೆ ತಲೆಕೊಟ್ಟ ಬಿಲ್ಲಿ ಮೆಕ್‌ನೀಲ್ ಅವರದು. ಫರ್ಗ್ಯುಸನ್ ಹೊರಗಿನಿಂದ ನೋಡುತ್ತಿದ್ದರು. ನಾಲ್ಕು ವರ್ಷ ಬಿಟ್ಟು 1969ರಲ್ಲಿ ಅದೇ ಹ್ಯಾಂಪ್‌ಡನ್, ಅದೇ ಕಪ್ಪಿನ ಫೈನಲ್, ಎದುರಾಳಿ ಅದೇ ಸೆಲ್ಟಿಕ್. ಈ ಸಲ ಫರ್ಗ್ಯುಸನ್ ರೇಂಜರ್ಸ್ ಅಂಗಿಯಲ್ಲಿ ಮೈದಾನದೊಳಗಿದ್ದರು. ಕಾರ್ನರ್ ಬಂದಾಗ ಮೆಕ್‌ನೀಲ್ ಅವರನ್ನು ಕಾಯುವ ಹೊಣೆ ಅವರದಾಗಿತ್ತು. ಎರಡನೇ ನಿಮಿಷದಲ್ಲೇ ಕಾರ್ನರ್ ಬಂತು, ಮೆಕ್‌ನೀಲ್ ತಪ್ಪಿಸಿಕೊಂಡು ಹೆಡರ್ ಹೊಡೆದರು, ಚೆಂಡು ಬಲೆಯೊಳಗೆ ಬಿತ್ತು. ಸೆಲ್ಟಿಕ್ 4-0. ಫರ್ಗ್ಯುಸನ್ ಮತ್ತೆಂದೂ ರೇಂಜರ್ಸ್‌ನ ಮೊದಲ ತಂಡದಲ್ಲಿ ಆಡಲಿಲ್ಲ. ಇದನ್ನು ಬರೆಯುವಾಗ ಅವರ ಮನಸ್ಸಿನೊಳಗೆ ಇಳಿಯಲು ಹೋಗಬೇಡಿ. ಕಾರ್ನರ್ ಎಲ್ಲಿಂದ ಬಂತು, ಯಾರು ಎಲ್ಲಿ ನಿಂತಿದ್ದರು ಎಂದಷ್ಟೇ ಬರೆಯಿರಿ.

ನಿಮ್ಮ ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಎರಡು ಮತ್ತು ಐದನೇ ಪುಟಗಳ ಅಂಚಿನಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಮುಂದಿನ ತಿಂಗಳ 10ರೊಳಗೆ ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ. ಡ್ರೆಸ್ಸಿಂಗ್ ರೂಮಿನಲ್ಲಿ ಪಟ್ಟಿ ಓದುವಲ್ಲಿಂದ ಶುರು ಮಾಡಿ.

ನಿಮ್ಮ,
ಸಂಪಾದಕ